ಪಟ್ಟಿಯ ಜೊತೆ ಚೌಕಾಸಿ

ತಂಗಿ ಆ ಪಟ್ಟಿಯನ್ನು ನನ್ನ ಫೋನಿಗೆ ಕಳಿಸಿದಾಗ ನಾನು ಗವರ್ನರ್‌ಪೇಟೆಯ ನನ್ನ ಅಂಗಡಿಯಲ್ಲಿ ಜರಿ ದಾರದ ವ್ಯಾಪಾರಿಯೊಬ್ಬನ ಜೊತೆ ಜಗ್ಗಾಡುತ್ತಿದ್ದೆ. ಅವನು ಹೇಳಿದ ದರಕ್ಕೆ ನಾನು ನಕ್ಕೆ. ಅವನು ಪೆಟ್ಟಿಗೆ ಕಟ್ಟುವ ಹಾಗೆ ಮಾಡಿದ. ನಾನು ಬೇರೆ ಗಿರಾಕಿಯ ಕಡೆ ತಿರುಗಿದೆ. ಅವನು ಪೆಟ್ಟಿಗೆಯನ್ನು ಮತ್ತೆ ಬಿಚ್ಚಿದ. ಹುಬ್ಬಳ್ಳಿಯಿಂದ ವಿಜಯವಾಡದ ತೆಲುಗು ಮನೆಗೆ ಸೊಸೆಯಾಗಿ ಬಂದ ನಾನು, ಮನೆಯ ಬಾಗಿಲಲ್ಲಿ ಮೇಜು ಹಾಕಿ ಮಣಿ, ಚಮಕಿ ಮಾರುವುದರಿಂದ ಶುರುಮಾಡಿ ಈ ಬೀದಿಯಲ್ಲಿ ಸ್ವಂತ ಅಂಗಡಿ ಹಿಡಿದದ್ದು ಇದೊಂದೇ ವಿದ್ಯೆಯಿಂದ. ಯಾರೇ ಏನೇ ಹೇಳಲಿ, ಅದು ಅವರು ಮೊದಲು ಬಾಯಿಬಿಟ್ಟ ಮಾತು ಅಷ್ಟೇ. ಕೊನೆಯ ಮಾತು ಅದರ ಕೆಳಗೆ ಎಲ್ಲೋ ಇರುತ್ತದೆ, ನಾವು ಹುಡುಕಿಕೊಳ್ಳಬೇಕು.

ತಂಗಿಯ ಪಟ್ಟಿಯನ್ನೂ ನಾನು ಹಾಗೆಯೇ ಓದಿದೆ.

ಅವಳು ನನಗಿಂತ ಆರು ವರ್ಷ ಚಿಕ್ಕವಳು. ಗಂಡ ಬ್ಯಾಂಕಿನ ಅಧಿಕಾರಿ. ಮೂರು ವರ್ಷಕ್ಕೊಂದು ಊರು. ಚಿತ್ರ ಬಿಡಿಸುವುದರಲ್ಲಿ ಅವಳ ಕೈಯನ್ನು ಮೀರಿಸಿದವರನ್ನು ನಾನು ನೋಡಿಲ್ಲ. ಒಂದು ಊರಿನಲ್ಲಿ ಶಾಲೆಯ ಡ್ರಾಯಿಂಗ್ ಟೀಚರ್ ಆಗಿದ್ದಳು, ಟ್ರಾನ್ಸ್‌ಫರ್ ಬಂತು, ಬಿಟ್ಟಳು. ಮತ್ತೊಂದು ಊರಿನಲ್ಲಿ ಹೊಲಿಗೆ ತರಗತಿ ನಡೆಸಿದಳು, ಹದಿನಾಲ್ಕು ಜನ ಸೇರಿದ ಹೊತ್ತಿಗೆ ಮತ್ತೆ ಟ್ರಾನ್ಸ್‌ಫರ್. ಈಗ ವಿಶಾಖಪಟ್ಟಣದ ಮಧುರವಾಡದಲ್ಲಿ ಹೊಸ ಅಪಾರ್ಟ್‌ಮೆಂಟೊಂದರ ಮೂರನೇ ಮಹಡಿ. ಅಲ್ಲಿ ಕೂತು ಅವಳು ಒಂದು ಅರ್ಜಿ ಹಾಕಿದ್ದಳು. ಯಂತ್ರದ ಕಸೂತಿಗೆ ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡುವುದನ್ನು ಕಲಿಸುವ ಎರಡು ದಿನದ ಆನ್‌ಲೈನ್ ಕಾರ್ಯಾಗಾರ. ಬರೀ ಕೇಳಿಸಿಕೊಳ್ಳುವುದಲ್ಲ, ಅವರು ಹೇಳುತ್ತ ಹೋದ ಹಾಗೆ ನಮ್ಮ ಕಂಪ್ಯೂಟರಿನಲ್ಲಿ ನಾವೇ ಮಾಡಬೇಕು. ಶನಿವಾರ ಒಂದು ವಿನ್ಯಾಸ, ಭಾನುವಾರ ಒಂದು. ಎರಡನ್ನೂ ಆಯಾ ದಿನ ನಾಲ್ಕು ಗಂಟೆಯೊಳಗೆ ಕಳಿಸಬೇಕು. ಎರಡೂ ಸರಿಯಿದ್ದವರಿಗೆ ಮನೆಯಿಂದಲೇ ಮಾಡುವ ಕೆಲಸ ಕೊಡುತ್ತಾರೆ.

"ಅಕ್ಕಾ, ಈ ಕೆಲಸ ಸಾಮಾನಿನ ಜೋಡಿ ಲಾರಿಗೆ ಹಾಕ್ಕೊಂಡು ಹೋಗಬಹುದು," ಅಂದಿದ್ದಳು ಫೋನಿನಲ್ಲಿ. "ಬ್ಯಾಂಕಿನವ್ರು ಇವರ್ನ ಎಲ್ಲಿಗೆ ಬೇಕಾದ್ರೂ ಹಾಕಲಿ. ಈ ಸಲ ನಾ ಬಿಡೂದು ಏನೂ ಇಲ್ಲ."

ಅವಳು ಹೀಗೆ ಮಾತಾಡಿದರೆ ನಾನು ಜವಾಬ್ದಾರಿ ತೆಗೆದುಕೊಂಡುಬಿಡುತ್ತೇನೆ, ಅದೊಂದು ರೋಗ. "ಕಂಪ್ಯೂಟರ್ ನನಗ ಬಿಡು. ನೀ ಬರೇ ಚಿತ್ರ ತಗಿ," ಅಂದೆ.

ಪಟ್ಟಿ ಹೀಗಿತ್ತು: ಎಂಟು ಜಿಬಿ ಮೆಮೊರಿಯ ಕಂಪ್ಯೂಟರ್. ಕಲಿಸುವವರನ್ನು ನೋಡಲು ಒಂದು ತೆರೆ, ಕೆಲಸ ಮಾಡಲು ಇನ್ನೊಂದು. ಚಕ್ರವಿರುವ ಮೌಸ್. ವೈಫೈ ಬೇಡ, ಇಂಟರ್ನೆಟ್ ಕೇಬಲ್ ನೇರವಾಗಿ ಕಂಪ್ಯೂಟರಿಗೇ ಬರಬೇಕು. ಸಾಫ್ಟ್‌ವೇರನ್ನು ಮೊದಲೇ ಹಾಕಿ, ಅವರು ಕೊಟ್ಟ ಸಂಖ್ಯೆಯಿಂದ ನೋಂದಾಯಿಸಿರಬೇಕು. ಗುರುವಾರ ಸಂಜೆ ಐದಕ್ಕೆ ಆನ್‌ಲೈನಿನಲ್ಲೇ ಪರೀಕ್ಷಾ ಭೇಟಿ. ಅಲ್ಲಿ ಅಭ್ಯಾಸದ ಫೈಲನ್ನು ತೆರೆದು ತೋರಿಸಬೇಕು.

ಕೆಳಗಿದ್ದ ನಂಬರಿಗೆ ನಾನೇ ಫೋನ್ ಮಾಡಿದೆ. ತೆಲುಗಿನ ಒಬ್ಬ ಹುಡುಗಿ ಎತ್ತಿಕೊಂಡಳು, ಬಹಳ ಮರ್ಯಾದೆಯವಳು. ಎಂಟು ಅಂದರೆ ಎಂಟೇ ಬೇಕಾ, ಆರು, ನಾಲ್ಕರಲ್ಲಿ ಆಗುವುದಿಲ್ಲವಾ ಅಂತ ಕೇಳಿದೆ.

"ಮೇಡಂ, ಅದು ಮಿನಿಮಮ್ ಅಂಡಿ," ಅಂದಳು. ನಮ್ಮ 'ರೀ' ಇದ್ದ ಹಾಗೆ ತೆಲುಗಿನವರ 'ಅಂಡಿ'.

ನಾನು ಮನಸ್ಸಿನಲ್ಲೇ ನಕ್ಕೆ. ಜರಿಯವನೂ ದಿನಾ ಇದನ್ನೇ ಹೇಳುತ್ತಾನೆ, ಲಾಸ್ಟ್ ರೇಟ್ ಅಂತ. ಅದರ ಕೆಳಗೆ ಇನ್ನೂ ಎರಡು ಮೆಟ್ಟಿಲು ಇರುತ್ತವೆ.

ನಮ್ಮ ಅಂಗಡಿಯಿಂದ ಎರಡು ಗಲ್ಲಿ ಆಚೆ, ಮಹಡಿಯ ಮೇಲೆ, ಹಳೆಯ ಕಂಪ್ಯೂಟರ್ ಮಾರುವವನೊಬ್ಬನಿದ್ದ. ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಪಟ್ಟಿಯನ್ನು ಒಂದೇ ಸಲ ಓದಿ, ನೆಲದ ಮೇಲಿದ್ದ ದಪ್ಪ ಕಪ್ಪು ಡಬ್ಬವನ್ನೂ ಪಕ್ಕದ ಎರಡು ಮಾನಿಟರನ್ನೂ ತೋರಿಸಿದ.

"ಅಮ್ಮಾ, ಮೀ ಲಿಸ್ಟ್‌ಕಿ ಇದೇ," ಅಂದ. ನಿಮ್ಮ ಪಟ್ಟಿಗೆ ಇದೇ ಸರಿ ಅಂತ.

ಅಂಗಡಿಯವನು ಕೇಳುವ ಮೊದಲೇ ಬೆರಳು ತೋರಿಸಿದ್ದು ಯಾವತ್ತೂ ಮಾರಾಟವಾಗದೆ ಉಳಿದ ಮಾಲು. ನನಗೆ ಗೊತ್ತಿಲ್ಲವೇ, ನಾನೂ ಹಾಗೆಯೇ ಹಳೆಯ ಗುಲಾಬಿ ಮಣಿಗಳನ್ನು ದಾಟಿಸಿದವಳು. ನನ್ನ ಕಣ್ಣು ಮೇಲಿನ ಕಪಾಟಿಗೆ ಹೋಯಿತು. ಅಲ್ಲಿ ತೆಳ್ಳಗಿನ ಬೆಳ್ಳಿ ಬಣ್ಣದ ಲ್ಯಾಪ್‌ಟಾಪ್. ಒಂದು ಗೀರೂ ಇಲ್ಲ. ಅದನ್ನು ಇಳಿಸು ಅಂದೆ.

ಅದರಲ್ಲಿ ನಾಲ್ಕೇ ಇದೆ, ನಿಮ್ಮ ಕೆಲಸಕ್ಕೆ ಸಾಲದು ಅಂತ ಅವನು ಮೂರು ಸಲ ಹೇಳಿದ. ಒಬ್ಬ ವ್ಯಾಪಾರಿ ತನ್ನ ಮಾಲನ್ನು ತಾನೇ ತೆಗಳಿದರೆ ಅದನ್ನು ಬೇರೆ ಯಾರಿಗೋ ಎತ್ತಿಟ್ಟಿದ್ದಾನೆ ಅಂತಲೇ ಅರ್ಥ. ನಾನು ಹಟ ಹಿಡಿದೆ. ಮುಕ್ಕಾಲು ಗಂಟೆ ಕೂತೆ, ಎರಡು ಸಲ ಮೆಟ್ಟಿಲಿಳಿದು ಹೋಗುವ ಹಾಗೆ ಮಾಡಿದೆ, ಎರಡನೇ ಸಲ ಅವನು ಕರೆಯಲಿಲ್ಲ, ನಾನೇ ವಾಪಸು ಹತ್ತಿದೆ. ಕೊನೆಗೆ ಅವನು ಸೋತ. ಬೆಲೆ ಇಳಿಯಿತು, ಮೇಲೆ ಒಂದು ಚೀಲ, ಒಂದು ಮೌಸ್, ಹತ್ತು ಮೀಟರ್ ಇಂಟರ್ನೆಟ್ ಕೇಬಲ್ ಪುಕ್ಕಟೆ. ಬೀದಿಗೆ ಬಂದಾಗ ದೂರದಲ್ಲಿ ಇಂದ್ರಕೀಲಾದ್ರಿ ಬೆಟ್ಟ ಕಂಡಿತು. ಬೆಟ್ಟದ ಮೇಲಿನ ಅಮ್ಮನವರಿಗೆ ಅಲ್ಲಿಂದಲೇ ಕೈ ಮುಗಿದೆ. ಗೆದ್ದದ್ದಕ್ಕೆ.

ಬುಧವಾರ ಅಂಗಡಿಯನ್ನು ಗಂಡನಿಗೆ ಒಪ್ಪಿಸಿ ರೈಲು ಹತ್ತಿದೆ. ಆರು ತಾಸೂ ಆ ಚೀಲವನ್ನು ತೊಡೆಯಿಂದ ಇಳಿಸಲಿಲ್ಲ. ಮಧುರವಾಡ ತಲುಪಿ, ಕಾಲು ತೊಳೆದುಕೊಳ್ಳುವ ಮೊದಲೇ ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು ತೋರಿಸಿದೆ. ತಂಗಿ ಅದರ ಮೇಲೆ ಕೈಯಾಡಿಸಿದಳು. "ಚಂದ ಐತಿ ಅಕ್ಕಾ," ಅಂದಳು. ಆಮೇಲೆ, "ಎಂಟು ಐತೇನು?"

"ನಾಲ್ಕು ಐತಿ. ಸಾಕಾಗತೈತಿ. ಅವರು ಕೇಳ್ತಾರ, ಎಲ್ಲಾ ಕೊಡಾಕಾಗತೈತೇನು?"

ಅವಳ ಗಂಡ ಕೇಬಲ್ಲಿನ ತುದಿ ಹಿಡಿದುಕೊಂಡು ಲ್ಯಾಪ್‌ಟಾಪಿನ ನಾಲ್ಕೂ ಬದಿ ತಿರುಗಿಸಿ ನೋಡುತ್ತಿದ್ದರು. "ಅಕ್ಕಾರ, ಇದಕ್ಕ ಈ ವೈರ್ ಚುಚ್ಚಾಕ ತೂತಽ ಇಲ್ಲಲ್ರೀ."

ತೆಳ್ಳಗಿನ ಯಂತ್ರಗಳಿಗೆ ಅದು ಇರುವುದಿಲ್ಲವಂತೆ. ನನಗೇನು ಗೊತ್ತು. ಹತ್ತು ಮೀಟರ್ ಕೇಬಲ್ ಸುರುಳಿಯಾಗಿ ಕಿಟಕಿಯ ಚಿಲಕಕ್ಕೆ ತೂಗುಬಿದ್ದಿತು. ನಾನು ಫೋನ್ ಹಿಡಿದು ಮನೆಯ ಮೂಲೆ ಮೂಲೆಯಲ್ಲಿ ವೈಫೈ ಎಷ್ಟು ಬರುತ್ತದೆಂದು ಅಳೆಯುತ್ತ ತಿರುಗಿದೆ. ಹಾಲ್‌ನಲ್ಲಿ ಚೆನ್ನಾಗಿ ಬರುತ್ತಿತ್ತು, ಆದರೆ ಪಕ್ಕದಲ್ಲಿ ಹೊಸ ಬ್ಲಾಕ್ ಕಟ್ಟುತ್ತಿದ್ದರು, ಡ್ರಿಲ್ಲಿನ ಸದ್ದು ನೇರವಾಗಿ ಹಾಲಿಗೇ. ಮಲಗುವ ಕೋಣೆಯಲ್ಲಿ ಸದ್ದು ಕಡಿಮೆ, ನೆಟ್ ಇನ್ನೂ ಕಡಿಮೆ. ಮೇಜನ್ನು ಮೂರು ಸಲ ಎಳೆದಾಡಿದೆವು. ನಾಲ್ಕನೇ ಸಲ ತಂಗಿ, "ಅಕ್ಕಾ, ಒಂದ್ ಕಡೆ ಕುಂದರು, ನಿನ್ನ ನೋಡಿ ನನಗ ತಲಿ ತಿರಗಾಕತ್ತೈತಿ," ಅಂದಳು.

ಕೂರಲು ಆಗುತ್ತಿರಲಿಲ್ಲ. ಯಾಕೆಂದರೆ ಅಭ್ಯಾಸದ ಫೈಲನ್ನು ತೆರೆದು ನೋಡಿದ್ದೆವು. ಸೀರೆಯ ಮೇಲೆ ಇರುತ್ತದಲ್ಲ, ಅಂಥ ಒಂದು ಮಾವಿನಕಾಯಿ ಬುಟ್ಟಾ. ಅದು ತೆರೆಯಿತು, ನಿಜ. ಆದರೆ ಒಲೆಯ ಮೇಲಿದ್ದ ಕುಕ್ಕರ್ ಮೂರು ಸಲ ಕೂಗಿದ ಮೇಲೆ.

ಗುರುವಾರ ಸಂಜೆಯದ್ದನ್ನು ಈಗ ಬರೆಯಲೂ ಕೈ ತಡೆಯುತ್ತದೆ. ನಮ್ಮ ವ್ಯಾಪಾರದಲ್ಲಿ ಒಂದು ನಡವಳಿಕೆಯಿದೆ: ಮಡಿಸಿಟ್ಟ ಬಟ್ಟೆಯ ಥಾನು ಬಿಚ್ಚುವಾಗ ಕಲೆಯಿರುವ ಮಡಿಕೆ ಒಳಗೇ ಉಳಿಯಬೇಕು. ಗಿರಾಕಿ ತಾನಾಗಿ ಕೇಳುವವರೆಗೆ ಬಾಯಿ ಬಿಡಬಾರದು. ಪರೀಕ್ಷಾ ಭೇಟಿಯಲ್ಲಿ ಹದಿನೆಂಟು ಜನ ಹೆಂಗಸರ ಮುಖಗಳು ಚೌಕ ಚೌಕವಾಗಿ ಕಾಣುತ್ತಿದ್ದವು. ಕಲಿಸುವ ಮೇಡಂ ಒಬ್ಬೊಬ್ಬರನ್ನೇ ಕರೆದು, ನಿಮ್ಮ ತೆರೆ ತೋರಿಸಿ, ಫೈಲ್ ತೆರೆಯಿರಿ ಅನ್ನುತ್ತಿದ್ದರು. ಒಬ್ಬಳದ್ದು ನಿಂತುಹೋಯಿತು. ಆ ಹುಡುಗಿ ನಾಚಿ ನೀರಾದಳು. ಮೇಡಂ ಅವಳಿಗೆ ಏನೋ ವಿವರಿಸಿದರು, ನಾನು ಅದನ್ನು ಕೇಳಿಸಿಕೊಳ್ಳಲಿಲ್ಲ. ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ: ಇವರು ಜನ ಕಡಿಮೆ ಮಾಡಲು ನೆಪ ಹುಡುಕುತ್ತಿದ್ದಾರೆ.

ತಂಗಿಯ ಸರದಿ ಬರುವ ಮೊದಲು ಕಿವಿಯಲ್ಲಿ ಹೇಳಿದೆ, "ತೋರಸಬ್ಯಾಡ. ನೆಟ್ ವೀಕ್ ಐತಿ, ಆದ್ರ ಎಲ್ಲಾ ಓಕೆ ಐತಿ ಅಂತ ಚಾಟಿನ್ಯಾಗ ಬರಿ."

"ಸುಳ್ಳ ಬರೀಲೇನು?"

"ಸುಳ್ಳಲ್ಲ. ತೆರೀತಲ್ಲ? ತಡಾ ಆತು ಅಂತ ಅವರು ಕೇಳಿಲ್ಲ."

ಅವಳು ನನ್ನನ್ನೊಮ್ಮೆ ನೋಡಿ, ಹಾಗೆಯೇ ಬರೆದಳು. ಅಕ್ಕ ಹೇಳಿದಳೆಂದು. ಮೇಡಂ, "ಗುಡ್, ಥ್ಯಾಂಕ್ಯೂ ಅಂಡಿ," ಅಂದು ಮುಂದಿನವಳನ್ನು ಕರೆದರು. ನನಗೆ ಮೈ ಹಗುರಾಯಿತು. ತಂಗಿ ಆ ಸಂಜೆ ಊಟ ಸರಿಯಾಗಿ ಮಾಡಲಿಲ್ಲ.

ಶನಿವಾರ ಬೆಳಗ್ಗೆ ಎಲ್ಲ ನಡೆಯಿತು. ಹೂವಿನ ಬಳ್ಳಿಯೊಂದನ್ನು ಬಿಡಿಸಬೇಕಿತ್ತು. ಫೋನಿನಲ್ಲಿ ಮೇಡಂ, ಲ್ಯಾಪ್‌ಟಾಪಿನಲ್ಲಿ ಬಳ್ಳಿ. ತಂಗಿಯ ಗೆರೆ ನೋಡಿ ಮೇಡಂ ಎಲ್ಲರಿಗೂ, ಇವರದ್ದನ್ನು ನೋಡಿ ಅಂದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ತಂಗಿಯ ಗಂಡನಿಗೆ ಕಣ್ಣಿನಲ್ಲೇ ಹೇಳಿದೆ, ನೋಡಿದಿರಾ, ನಾಲ್ಕು ಸಾಕು.

ಊಟದ ನಂತರ ಗೆರೆಗಳಿಗೆ ಹೊಲಿಗೆ ತುಂಬುವುದು ಶುರುವಾಯಿತು. ಒಂದೊಂದು ಎಸಳಿಗೂ ನೂರಾರು ಹೊಲಿಗೆ, ಅದನ್ನು ಕಸೂತಿ ಯಂತ್ರ ಹೊಲಿಯುವ ಹಾಗೆ ತೆರೆಯ ಮೇಲೆ ಓಡಿಸಿ ನೋಡಬೇಕು. ಮೂರನೇ ಎಸಳಿಗೆ ನೀಲಿ ಉಂಗುರ ತಿರುಗತೊಡಗಿತು. ತಿರುಗಿತು, ತಿರುಗಿತು. ತಂಗಿ ಕಾದಳು. ತೆರೆ ಬೆಳ್ಳಗಾಯಿತು, ಬಳ್ಳಿ ಮಾಯವಾಯಿತು. ಮತ್ತೆ ಹಚ್ಚಿ ಮತ್ತೆ ಮೊದಲಿನಿಂದ ಎಳೆದಳು. ಎರಡನೇ ಎಸಳಿಗೇ ನಿಂತಿತು. ಗಂಟೆ ಮೂರೂ ಇಪ್ಪತ್ತು.

ನನಗೆ ತಡೆಯಲಾಗಲಿಲ್ಲ. ಅವಳ ಕಿವಿಯಿಂದ ಹೆಡ್‌ಸೆಟ್ ತೆಗೆದು ನಾನೇ ಹಾಕಿಕೊಂಡು ತೆಲುಗಿನಲ್ಲಿ ಶುರುಮಾಡಿದೆ: ಮೇಡಂ ಗಾರು, ನಿಮ್ಮ ಸಾಫ್ಟ್‌ವೇರಿನಲ್ಲೇ ಏನೋ ದೋಷವಿದೆ, ನಮಗೆ ಐದೂವರೆವರೆಗೆ ಸಮಯ ಕೊಡಿ, ಆಗಲ್ಲವೆಂದರೆ ಐದು ಮಾಡಿ, ಬಳ್ಳಿ ಪೂರ್ತಿ ಬೇಡ, ಅರ್ಧಕ್ಕೆ ಒಪ್ಪಿಕೊಳ್ಳಿ. ಹದಿನೆಂಟು ಚೌಕಗಳಲ್ಲಿ ಎಲ್ಲರೂ ಕೈ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು.

ತಂಗಿ ಹೆಡ್‌ಸೆಟ್ಟನ್ನು ವಾಪಸು ತೆಗೆದುಕೊಂಡಳು. ಕಿತ್ತುಕೊಳ್ಳಲಿಲ್ಲ, ಮಗುವಿನ ಕೈಯಿಂದ ಕತ್ತರಿ ತೆಗೆದ ಹಾಗೆ ತೆಗೆದಳು. "ಅಕ್ಕಾ, ನೀ ಇನ್ನ ಮಾತಾಡಬ್ಯಾಡ," ಅಂದಳು. ಆಮೇಲೆ ತನ್ನ ಮುರುಕು ತೆಲುಗಿನಲ್ಲಿ ಮೇಡಂಗೆ ಹೇಳಿದಳು: ಸಾಫ್ಟ್‌ವೇರ್ ಸರಿಯಿದೆ. ನನ್ನ ಕಂಪ್ಯೂಟರಿನಲ್ಲಿ ನೀವು ಕೇಳಿದ್ದರ ಅರ್ಧವೇ ಇದೆ. ಗುರುವಾರ ಎಲ್ಲ ಸರಿಯಿದೆ ಅಂತ ಬರೆದದ್ದು ಸುಳ್ಳು.

ಬರೆಸಿದ್ದು ಅಕ್ಕ ಅಂತ ಅವಳು ಹೇಳಲಿಲ್ಲ.

ಗುರುವಾರವೇ ಹೇಳಿದ್ದರೆ ನಮ್ಮ ಇನ್ನೊಂದು ಕಂಪ್ಯೂಟರಿಗೆ ದೂರದಿಂದಲೇ ಜೋಡಿಸಿ ಕೊಡುತ್ತಿದ್ದೆವಲ್ಲಮ್ಮಾ, ಅವತ್ತು ಯಂತ್ರ ನಿಂತುಹೋದ ಆ ಹುಡುಗಿಗೆ ಹಾಗೇ ಮಾಡಿದೆವು ಅಂದರು ಮೇಡಂ. ಅಂಥ ಯಂತ್ರ ಒಂದೇ ಇತ್ತಂತೆ, ಅದೀಗ ಅವಳ ಪಾಲಿಗೆ ಹೋಗಿತ್ತು. ಇವತ್ತಿನ ಕೆಲಸ ಹೋಯಿತು, ನಾಳೆ ಎಂಟೂವರೆಗೆ ಸರಿಯಾದ ಯಂತ್ರವಿದ್ದರೆ ನೋಂದಾಯಿಸಿ ಕೊಡುತ್ತೇವೆ, ನಾಳೆಯದ್ದಾದರೂ ಮಾಡಿ ಅಂದರು.

ನಾಲ್ಕೂವರೆಗೆ ನಾವಿಬ್ಬರೂ ಆಟೊದಲ್ಲಿ ಕೂತಿದ್ದೆವು, ಪೇಟೆಯ ಕಡೆಗೆ. ದಾರಿಯುದ್ದಕ್ಕೂ ಅವಳು ಹೊರಗೆ ನೋಡುತ್ತಿದ್ದಳು. "ಬೈದ್ರ ಬೈ," ಅಂದೆ. "ಬೈಯಾಕ ಪುರಸೊತ್ತಿಲ್ಲ," ಅಂದಳು.

ಅಲ್ಲಿನ ಕಂಪ್ಯೂಟರ್ ಅಂಗಡಿಯವನು ಲ್ಯಾಪ್‌ಟಾಪಿನ ತಳ ಬಿಚ್ಚಿ ಒಳಗೆ ಟಾರ್ಚ್ ಬಿಟ್ಟು ತಲೆಯಾಡಿಸಿದ. ಇದರ ಮೆಮೊರಿಯನ್ನು ಬೋರ್ಡಿಗೇ ಬೆಸೆದಿದ್ದಾರೆ, ಹೆಚ್ಚಿಸಲು ಜಾಗವೇ ಇಲ್ಲ. ಆಮೇಲೆ ಅವನ ಬೆರಳು ಹೋದದ್ದು ನೆಲದ ಮೇಲಿದ್ದ ಒಂದು ದಪ್ಪ ಕಪ್ಪು ಡಬ್ಬದ ಕಡೆಗೆ. ನನಗೆ ಗವರ್ನರ್‌ಪೇಟೆಯ ಮಹಡಿ ನೆನಪಾಯಿತು. ಹಣೆಯ ಮೇಲೆ ಕನ್ನಡಕ ಏರಿಸಿಕೊಂಡಿದ್ದ ಆ ಮನುಷ್ಯ ಮೂರು ಸಲ ನಿಜ ಹೇಳಿದ್ದ.

ಅವನು ಬೆಲೆ ಹೇಳಿದ. ನನ್ನ ನಾಲಿಗೆ ತಾನಾಗಿ ಮೇಲೆದ್ದಿತು. ತಂಗಿ ನನ್ನ ಕಡೆ ನೋಡಲೂ ಇಲ್ಲ. ಚೀಲದಿಂದ ಪೆನ್‌ಡ್ರೈವ್ ತೆಗೆದು ಅವನ ಮುಂದಿಟ್ಟಳು. "ಮೊದಲು ಇದರೊಳಗಿನ ಸಾಫ್ಟ್‌ವೇರ್ ಹಾಕ್ರಿ. ಅಭ್ಯಾಸದ ಫೈಲ್ ತೆಗೀರಿ. ನಾ ಹೊಲಿಗಿ ಓಡಿಸಿ ನೋಡ್ತೀನಿ. ಆಮ್ಯಾಲೆ ರೊಕ್ಕದ ಮಾತು." ಅವಸರದಲ್ಲಿ ಅಚ್ಚ ಹುಬ್ಬಳ್ಳಿ ಭಾಷೆಯಲ್ಲೇ ಹೇಳಿಬಿಟ್ಟಿದ್ದಳು. ನಾನು ಅದನ್ನು ತೆಲುಗಿನಲ್ಲಿ ಹೇಳಿದೆ, ಒಂದು ಮಾತೂ ಸೇರಿಸದೆ. ನೋಂದಾಯಿಸದೆಯೂ ಅಭ್ಯಾಸದ ಫೈಲ್ ಮಾತ್ರ ತೆರೆಯುತ್ತಿತ್ತು. ಮಾವಿನಕಾಯಿ ಬುಟ್ಟಾ ಅವನು ಕೈ ಎತ್ತುವುದರೊಳಗೆ ತೆರೆಯಿತು, ಹೊಲಿಗೆಗಳು ಇರುವೆಯ ಸಾಲಿನ ಹಾಗೆ ಓಡಿ ಮುಗಿದವು. ಡಬ್ಬವನ್ನೂ ಎರಡು ಮಾನಿಟರನ್ನೂ ಹೇಳಿದ ಬೆಲೆಗೆ ತೆಗೆದುಕೊಂಡೆ. ನನ್ನ ಜನ್ಮದಲ್ಲಿ ಮೊದಲ ಸಲ. ಅಂಗಡಿಯವನೇ ಗಾಬರಿಯಾಗಿ ಒಂದು ಕೀಬೋರ್ಡನ್ನು ತಾನಾಗಿ ಮೇಲೆ ಹಾಕಿದ.

ಭಾನುವಾರ ಬೆಳಗ್ಗೆ ಆ ಡಬ್ಬದ ಹಿಂಭಾಗದಲ್ಲಿ ಕೇಬಲ್ಲಿಗೆ ತೂತು ಇತ್ತು. ಕಿಟಕಿಯ ಚಿಲಕದಿಂದ ಪುಕ್ಕಟೆಯ ಹತ್ತು ಮೀಟರ್ ಇಳಿದು ಬಂತು, ಸರಿಯಾಗಿ ಕೂತಿತು. ಎಂಟೂವರೆಗೆ ಆ ಮರ್ಯಾದೆಯ ಹುಡುಗಿ ಫೋನಿನಲ್ಲಿದ್ದು ನೋಂದಾಯಿಸಿಕೊಟ್ಟಳು. ತಂಗಿ ನನ್ನ ಫೋನನ್ನು ವೈಫೈಯಿಂದ ತೆಗೆಸಿ, ನನ್ನನ್ನೂ ಮನೆಯಿಂದ ಹೊರಗೆ ಹಾಕಿದಳು.

ಮೆಟ್ಟಿಲು ಇಳಿದೆ, ಹತ್ತಿದೆ. ಬಾಗಿಲಿಗೆ ಕಿವಿ ಇಟ್ಟೆ. ಏನೂ ಕೇಳಿಸಲಿಲ್ಲ, ಒಳ್ಳೆಯದಾ ಕೆಟ್ಟದ್ದಾ ತಿಳಿಯಲಿಲ್ಲ. ಎರಡು ಗಂಟೆಗೆ ಪಕ್ಕದ ಕಟ್ಟಡದಲ್ಲಿ ಡ್ರಿಲ್ ಶುರುವಾಯಿತು. ಇಡೀ ಮಹಡಿ ನಡುಗಿತು. ಅದು ಮಾತ್ರ ನನಗೆ ತಿಳಿದ ಕೆಲಸ. ಇಳಿದು ಹೋಗಿ ಮೇಸ್ತ್ರಿಯನ್ನು ಹಿಡಿದೆ. ನಾಲ್ಕರವರೆಗೆ ನಿಲ್ಲಿಸು ಅಂದೆ. ಆಗಲ್ಲಮ್ಮಾ, ಇವತ್ತು ಮುಗಿಸಬೇಕು ಅಂದ. ಹಾಗಾದರೆ ಡ್ರಿಲ್ ಆಮೇಲೆ, ಇಟ್ಟಿಗೆ ಏರಿಸುವುದು ಈಗ ಅಂದೆ. ಒಂದು ಸುತ್ತು ಚಹಾ ಅಂದೆ. ಎರಡು ಅಂದ, ಜೊತೆಗೆ ಮೆಣಸಿನಕಾಯಿ ಬಜ್ಜಿ. ಒಂಬತ್ತು ಜನಕ್ಕೆ ಬಜ್ಜಿ ಹಂಚಿ, ಇಟ್ಟಿಗೆ ಎಣಿಸುತ್ತ ಅಲ್ಲೇ ಮರಳಿನ ರಾಶಿಯ ಮೇಲೆ ಕೂತೆ. ನಾಲ್ಕಕ್ಕೆ ಐದು ನಿಮಿಷವಿದ್ದಾಗ ಮೇಲಿನ ಬಾಲ್ಕನಿಯಿಂದ ತಂಗಿ, "ಕಳಿಸೀನಿ!" ಅಂತ ಕೂಗಿದಳು. ಮೇಸ್ತ್ರಿ ನನಗಿಂತ ಮೊದಲು ಕೈ ಎತ್ತಿದ.

ಉತ್ತರ ಬಂದದ್ದು ನಾನು ವಿಜಯವಾಡಕ್ಕೆ ವಾಪಸಾದ ಮೇಲೆ. ಭಾನುವಾರದ ವಿನ್ಯಾಸ ತುಂಬ ಚೆನ್ನಾಗಿದೆ. ಶನಿವಾರದ್ದು ಇಲ್ಲ. ಎರಡೂ ಬೇಕೆಂಬುದು ನಿಯಮ. ಈ ಸಲ ಕೆಲಸ ಕೊಡಲಾಗುವುದಿಲ್ಲ, ಮುಂದಿನ ತಂಡದಲ್ಲಿ ಮತ್ತೆ ಕೂರಬಹುದು. ಮೂರು ತಿಂಗಳು. ಅಷ್ಟರಲ್ಲಿ ಅವಳ ಗಂಡನಿಗೆ ಟ್ರಾನ್ಸ್‌ಫರ್ ಬಂದರೆ ಸಾಮಾನು ಕಟ್ಟುವುದು, ಬಿಚ್ಚುವುದು, ಎಲ್ಲ ಮತ್ತೆ. ನಾನು ಫೋನ್ ಮಾಡಿ, "ನಾ ಬೇಕಾದ್ರ ಆ ಮೇಡಂ ಜೋಡಿ ಮಾತಾಡ್ಲೇನು?" ಅಂದೆ.

"ಅಕ್ಕಾ," ಅಂದಳು ತಂಗಿ, "ನೀ ಮಾತಾಡದಿದ್ರ ಅಷ್ಟ ಸಾಕು."

ಮೂರು ತಿಂಗಳ ನಂತರದ ಪರೀಕ್ಷಾ ಭೇಟಿಗೆ ನನ್ನನ್ನು ಕರೆಯಲಿಲ್ಲ. ಆ ಗುರುವಾರ ಐದು ಗಂಟೆಗೆ ನಾನು ಅಂಗಡಿಯಲ್ಲಿ ಕೂತಲ್ಲಿ ಕೂರದೆ ಮಣಿಗಳ ಡಬ್ಬಗಳನ್ನೆಲ್ಲ ಜಾಗ ಬದಲಿಸಿದೆ, ಮರುದಿನ ಗಂಡನಿಗೆ ಒಂದೂ ಸಿಗಲಿಲ್ಲ. ಆಮೇಲೆ ತಂಗಿಯ ಗಂಡ ಹೇಳಿದರು: ಅವಳು ಕ್ಯಾಮೆರಾವನ್ನು ಮೇಜಿನ ಕೆಳಗೆ ಹಿಡಿದು ಕೇಬಲ್ ಎಲ್ಲಿಂದ ಎಲ್ಲಿಗೆ ಹೋಗಿದೆಯೆಂದು ತೋರಿಸಿದಳಂತೆ, ಡಬ್ಬದ ಹಿಂಭಾಗ ತೋರಿಸಿದಳಂತೆ, ಮೌಸ್‌ನ ಚಕ್ರ ಒಮ್ಮೊಮ್ಮೆ ಸಿಕ್ಕಿಹಾಕಿಕೊಳ್ಳುತ್ತದೆಂದು ಯಾರೂ ಕೇಳದೆಯೇ ಹೇಳಿದಳಂತೆ. ಆ ಮೌಸ್ ನಾನು ಪುಕ್ಕಟೆ ತಂದದ್ದು. ಮೇಡಂ, ಅದೊಂದನ್ನು ಬದಲಿಸಿ ಅಂದರಂತೆ. ಬದಲಿಸಿದಳು. ಎರಡು ದಿನ, ಎರಡು ವಿನ್ಯಾಸ, ಎರಡೂ ಸರಿ.

ಹೀಗಾಗಿ ನನ್ನ ಮಾತು ಕೇಳುವವರಿದ್ದರೆ ಹೇಳುತ್ತೇನೆ. ತರಕಾರಿಗೆ, ಸೀರೆಗೆ, ಜರಿಗೆ, ಮೇಸ್ತ್ರಿಯ ಡ್ರಿಲ್ಲಿಗೆ ಬೇಕಾದಷ್ಟು ಚೌಕಾಸಿ ಮಾಡಿ. ಕಾರ್ಯಾಗಾರದ ಪಟ್ಟಿ ಬಂದಾಗ ಅದನ್ನು ಕೈಯಲ್ಲಿ ಹಿಡಿದು ಒಂದೊಂದಕ್ಕೂ ಗುರುತು ಹಾಕಿ. ಪರೀಕ್ಷಾ ಭೇಟಿಗೆ ಎಲ್ಲರಿಗಿಂತ ಮೊದಲು ಹೋಗಿ, ಕಲೆಯಿರುವ ಮಡಿಕೆಯನ್ನೇ ಮೊದಲು ಬಿಚ್ಚಿ.

ಈಗ ತಂಗಿಯ ಗಂಡನಿಗೆ ಬೇರೆ ಊರಾಗಿದೆ. ಕಪ್ಪು ಡಬ್ಬ ಲಾರಿಯಲ್ಲಿ ಅವಳ ಜೊತೆಗೇ ಹೋಯಿತು, ಅವಳು ತನ್ನ ಹಾಸಿಗೆಯಲ್ಲೇ ಸುತ್ತಿಸಿದ್ದಳಂತೆ. ಸಾಮಾನು ಇಳಿಸಿದ ಮೂರನೇ ದಿನ ಕೆಲಸಕ್ಕೆ ಕೂತಳು. ಮೊನ್ನೆ ನಮ್ಮ ಅಂಗಡಿಯ ಗಿರಾಕಿಯೊಬ್ಬಳಿಗೆ ರವಿಕೆಯ ಮೇಲೆ ನವಿಲಿನ ವಿನ್ಯಾಸ ಬೇಕಿತ್ತು. ತಂಗಿಯನ್ನೇ ಕೇಳಿದೆ. ಚಿತ್ರದ ಜೊತೆ ಅವಳ ದರವೂ ಬಂತು. ನೋಡಿ ನನಗೆ ನಗು ಬಂತು, ಅಭ್ಯಾಸ ಎಲ್ಲಿ ಬಿಡುತ್ತದೆ, ಅರ್ಧ ಮಾಡಿ ವಾಪಸು ಬರೆದೆ. ಸ್ವಂತ ಅಕ್ಕ ಅಂತ ಸೇರಿಸಿದೆ.

ಉತ್ತರ ಕೂಡಲೇ ಬಂತು. "ಅದು ಮಿನಿಮಮ್ ಅಂಡಿ."

ಜರಿಯವನು ಎದುರಿಗೆ ಕೂತು ನನ್ನ ಮುಖವನ್ನೇ ನೋಡುತ್ತಿದ್ದ. ಅವನಿಗೆ ಬೆನ್ನು ಮಾಡಿ ಕೂತು, ತಂಗಿ ಕೇಳಿದಷ್ಟನ್ನೂ ಕಳಿಸಿದೆ.